ಕಲ್ಲನ್ನು ಕೊರೆಯುವ ಮೊನೆ

ಲಾಲ್‌ಬಾಗಿನ ಬಂಡೆಯನ್ನೇರಿ ಕೆಂಪೇಗೌಡರ ಗೋಪುರದ ಬಳಿ ನಿಂತವರು ಭೂಮಿಯ ಅತಿ ಪುರಾತನ ಶಿಲೆಗಳಲ್ಲಿ ಒಂದರ ಮೇಲೆ ಕಾಲಿಟ್ಟವರೇ ಸರಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಇದೇ ಜಾತಿಯ ಕಗ್ಗಲ್ಲು ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ತಳಪಾಯದ ಸೈಜುಗಲ್ಲಾಗಿಯೂ ಜಗಲಿಯ ಕಂಬವಾಗಿಯೂ ಬಾಗಿಲ ಮೇಲಿನ ಚಪ್ಪಡಿಯಾಗಿಯೂ ಕುಳಿತಿದೆ. ಅಂಥ ಮನೆಯಲ್ಲಿ ಪುಸ್ತಕದ ಹಲಗೆಗಾಗಿ ಗೋಡೆಯನ್ನು ಕೊರೆಯಹೊರಟವರ ಪಾಡು ವಾಚಕರಲ್ಲಿ ಹಲವರಿಗೆ ತಿಳಿದಿರಬೇಕು. ಗಾರೆಯಲ್ಲಿ ಬೈರಿಗೆ ಬೆಣ್ಣೆಯಲ್ಲಿ ಕೂದಲೆಳೆದಂತೆ ಸಾಗುತ್ತದೆ. ಕಲ್ಲು ಸಿಕ್ಕಿದೊಡನೆ ನಿಂತುಬಿಡುತ್ತದೆ. ಬಲವಾಗಿ ಒತ್ತಿ ನೋಡುತ್ತಾರೆ. ಹೊರತೆಗೆದಾಗ ಮೊನೆ ನೀಲಿಗಟ್ಟಿ ಮೊಂಡಾಗಿರುತ್ತದೆ. ಆಗ ಅಂಗಡಿಯವನನ್ನು ಬಯ್ಯುವುದು ವಾಡಿಕೆ. ಬಹುಪಾಲು ಸಂದರ್ಭಗಳಲ್ಲಿ ಆ ಬೈಗುಳ ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ.

ಈ ಕಲ್ಲಿನಲ್ಲಿ ಮುಖ್ಯವಾಗಿರುವ ಖನಿಜಗಳು ಬೆಣಚು ಮತ್ತು ಫೆಲ್ಡ್‌ಸ್ಪಾರ್. ಖನಿಜಗಳ ಕಾಠಿಣ್ಯವನ್ನು ಅಳೆಯುವ ಮೋಸ್ ಮಾನದಲ್ಲಿ ವಜ್ರಕ್ಕೆ 10, ಬೆಣಚಿಗೆ 7, ಫೆಲ್ಡ್‌ಸ್ಪಾರಿಗೆ 6. ಚೆನ್ನಾಗಿ ಹದಗೊಳಿಸಿದ ಉಕ್ಕಿನ ಅರವೂ ಆರೂವರೆಯನ್ನು ದಾಟುವುದು ಕಷ್ಟ. ಹೀಗಾಗಿ ಉಕ್ಕು ಬೆಣಚನ್ನು ಕೊರೆಯುವುದಕ್ಕೆ ಬದಲಾಗಿ ಬೆಣಚೇ ಉಕ್ಕನ್ನು ಸವೆಸುತ್ತದೆ. ಸಾಲದೆಂಬಂತೆ ತಿಕ್ಕಾಟದ ಶಾಖವು ಉಕ್ಕಿನ ಹದವನ್ನೂ ಕೆಡಿಸುತ್ತದೆ. ಮೊನೆಯ ನೀಲಿ ಬಣ್ಣ ಅದರ ಗುರುತು.

ಟಂಗ್‌ಸ್ಟನ್ ಕಾರ್ಬೈಡಿನ ಕಾಠಿಣ್ಯವಾದರೋ 9ರ ಆಸುಪಾಸಿನದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಮೊಯಸಾನ್ ತನ್ನ ವಿದ್ಯುತ್ ಕುಲುಮೆಯಲ್ಲಿ ಇದನ್ನು ತಯಾರಿಸಿದ್ದನು. ಆದರೆ ಅದು ಗಾಜಿನಂತೆ ಪೆಡಸು. ಒಂದು ಪೆಟ್ಟಿಗೆ ಚೂರಾಗುತ್ತಿತ್ತು. ದಾರಿ ತೆರೆದದ್ದು ವಿದ್ಯುದ್ದೀಪದ ಉದ್ಯಮ. ದೀಪದೊಳಗಿನ ಟಂಗ್‌ಸ್ಟನ್ ತಂತಿಯನ್ನು ಎಳೆಯಲು ಬೇಕಾಗಿದ್ದ ವಜ್ರದ ಅಚ್ಚುಗಳು ಬಹಳ ದುಬಾರಿಯಾಗಿದ್ದವು. ಅವಕ್ಕೆ ಬದಲಿಯನ್ನು ಹುಡುಕುತ್ತಿದ್ದ ಜರ್ಮನಿಯ ಕಾರ್ಲ್ ಶ್ರೋಟರ್, ಕಾರ್ಬೈಡಿನ ನುಣ್ಣನೆಯ ಪುಡಿಗೆ ಕೋಬಾಲ್ಟ್ ಬೆರೆಸಿ, ಒತ್ತಿ, ಸುಮಾರು 1400 ಡಿಗ್ರಿ ಸೆಂಟಿಗ್ರೇಡಿನಲ್ಲಿ ಬೇಯಿಸುವ ವಿಧಾನಕ್ಕೆ 1923ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದನು. ಕಡಲೆಕಾಯಿ ಉಂಡೆಯನ್ನು ನೆನೆಸಿಕೊಳ್ಳಿ. ಬೀಜ ಬಹಳ, ಪಾಕ ಕೊಂಚ. ಆದರೂ ಬೀಜಗಳನ್ನು ಹಿಡಿದಿಡುವುದು ಪಾಕವೇ. ಇಲ್ಲಿ ಕಾರ್ಬೈಡಿನ ಕಣ ಬೀಜ, ಕೋಬಾಲ್ಟ್ ಪಾಕ. ಪಾಕ ಹೆಚ್ಚಿದಷ್ಟೂ ಮೊನೆ ಪೆಟ್ಟನ್ನು ತಾಳುತ್ತದೆ, ಆದರೆ ಬೇಗ ಸವೆಯುತ್ತದೆ. ಕಡಮೆಯಾದಷ್ಟೂ ಸವೆತ ಕಡಮೆ, ಆದರೆ ಚಕ್ಕೆಯೇಳುವ ಭಯ ಹೆಚ್ಚು. ಕಾಠಿಣ್ಯವೂ ಪೆಟ್ಟು ತಾಳುವ ಶಕ್ತಿಯೂ ಒಂದೇ ಗುಣವಲ್ಲ. ಮೊನೆಯ ಆಯ್ಕೆಯೆಲ್ಲ ಈ ಭೇದದ ಮೇಲೆಯೇ ನಿಂತಿದೆ.

ಜರ್ಮನಿಯ ಕ್ರುಪ್ ಕಂಪನಿಯು 1920ರ ದಶಕದಲ್ಲಿ ಈ ವಸ್ತುವನ್ನು 'ವಿಡಿಯಾ', ಎಂದರೆ 'ವಜ್ರದಂತೆ', ಎಂಬರ್ಥದ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 1964ರಲ್ಲಿ ವಿಡಿಯಾ ಇಂಡಿಯಾ ಎಂಬ ಕಂಪನಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿತು. ತುಮಕೂರು ರಸ್ತೆಯ ಆ ಕಾರ್ಖಾನೆಗೆ ಈಗ ಕೆನ್ನಾಮೆಟಲ್ ಇಂಡಿಯಾ ಎಂದು ಹೆಸರು. ಹೆಸರು ಬದಲಾದರೂ ಕಾರ್ಬೈಡಿನ ಮೊನೆಗೆ ಕೆಲಸಗಾರರು ಇಂದಿಗೂ 'ವಿಡಿಯಾ' ಎಂದೇ ಹೇಳುವುದುಂಟು.

ಇನ್ನು ಬಳಸುವ ಬಗೆ. 8 ಮಿಲಿಮೀಟರ್ ದಪ್ಪದ ಬೈರಿಗೆ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 1.25 ಮೀಟರ್ ವೇಗದಲ್ಲಿ ಚಲಿಸುತ್ತದೆ. ನಟ್ಟನಡುವಿನ ಬಿಂದುವಿನ ವೇಗವೆಷ್ಟು? ಸೊನ್ನೆ! ಅಲ್ಲಿ ಕೊರೆತವೆಂಬುದೇ ಇಲ್ಲ. ಕಲ್ಲು ನುಚ್ಚಾಗಬೇಕಾದರೆ ಪೆಟ್ಟೇ ಬೇಕು. ಹಿಂದಿನ ಕಲ್ಲುಕುಟಿಗರು ಸುತ್ತಿಗೆಯಿಂದ ಹೊಡೆದು, ಪ್ರತಿ ಪೆಟ್ಟಿಗೂ ಉಳಿಯನ್ನು ಕೊಂಚ ತಿರುಗಿಸುತ್ತಿದ್ದುದರ ಮರ್ಮ ಇದೇ. ಸಾಮಾನ್ಯ ಇಂಪ್ಯಾಕ್ಟ್ ಡ್ರಿಲ್ಲು ನಿಮಿಷಕ್ಕೆ ಹತ್ತಾರು ಸಾವಿರ ಪೆಟ್ಟು ಕೊಡುತ್ತದೆ, ಆದರೆ ಅವು ಬಲಹೀನವಾದವು. ಒಳಗೆ ಗಾಳಿಯ ಒತ್ತಡದಿಂದ ಓಡುವ ಪಿಸ್ಟನ್ ಇರುವ ರೋಟರಿ ಹ್ಯಾಮರ್ ನಾಲ್ಕೈದು ಸಾವಿರ ಪೆಟ್ಟುಗಳನ್ನಷ್ಟೇ ಕೊಟ್ಟರೂ ಒಂದೊಂದರ ಶಕ್ತಿ ಬಹಳ ಹೆಚ್ಚು. ಇಟ್ಟಿಗೆಗೆ ಮೊದಲಿನದು ಸಾಕು. ಕಗ್ಗಲ್ಲಿಗೂ ಕಾಂಕ್ರೀಟಿಗೂ ಎರಡನೆಯದೇ ಯೋಗ್ಯ. ಎರಡರಲ್ಲೂ ಕೈಯ ಒತ್ತಡ ಹದವಾಗಿರಲಿ.

ಸ್ನಾನದ ಮನೆಯ ಹೊಳಪಿನ ಟೈಲಿನ ಸಂಗತಿ ಇದಕ್ಕೆ ವಿರುದ್ಧ. ಅದು ಪೆಟ್ಟಿಗೆ ಸೀಳುತ್ತದೆ. ಯಂತ್ರದ ಹೊಡೆತವನ್ನು ನಿಲ್ಲಿಸಿ, ಭರ್ಜಿಯ ತುದಿಯಂಥ ಕಾರ್ಬೈಡ್ ಮೊನೆಯಿಂದ ನಿಧಾನವಾಗಿ ಕೆರೆಯಬೇಕು. ವಿಟ್ರಿಫೈಡ್ ಟೈಲಿಗೂ ಅಡುಗೆಮನೆಯ ನಯಗೊಳಿಸಿದ ಗ್ರಾನೈಟಿಗೂ ವಜ್ರದ ಪುಡಿ ಹಿಡಿಸಿದ ಕೊಳವೆಯಾಕಾರದ ಬೈರಿಗೆ, ಜೊತೆಗೆ ನೀರು. ಗೋಡೆಯ ಬೈರಿಗೆಯಿಂದ ಕಬ್ಬಿಣವನ್ನು ಕೊರೆಯುವ ಸಾಹಸ ಬೇಡ. ಅದರ ಮೊನೆ ನುಚ್ಚುಮಾಡಲು ಮೊಂಡಾಗಿ ರೂಪಿಸಿದ್ದು, ಲೋಹವನ್ನು ಕತ್ತರಿಸಲು ಅಲ್ಲ.

ಗೋಡೆಯೊಳಗೆ ಏನಿದೆಯೆಂಬುದನ್ನು ಹೊರಬರುವ ಪುಡಿಯೇ ಹೇಳುತ್ತದೆ: ಕೆಂಪಾದರೆ ಇಟ್ಟಿಗೆ, ಬೂದಿಯಾದರೆ ಸಿಮೆಂಟು, ಬಿಳುಪಾಗಿ ಮಿನುಗಿದರೆ ಕಲ್ಲು. ಲೋಹದ ಚೂರು ಕಂಡರೆ ಒಡನೆ ನಿಲ್ಲಿಸಬೇಕು. ಅದು ಕಾಂಕ್ರೀಟಿನ ಸರಳಿರಬಹುದು, ವಿದ್ಯುತ್ ತಂತಿಯೂ ಇರಬಹುದು.

ಕಾದ ಮೊನೆಯನ್ನು ನೀರಿನಲ್ಲಿ ಅದ್ದುವ ಅಭ್ಯಾಸವನ್ನಂತೂ ಬಿಡಲೇಬೇಕು. ಕಾರ್ಬೈಡಿನ ತುಣುಕನ್ನು ಉಕ್ಕಿನ ದಂಡಕ್ಕೆ ಬೆಸುಗೆಯಿಂದ ಕೂರಿಸಿರುತ್ತಾರೆ. ಅದೇ ಶಾಖಕ್ಕೆ ಕಾರ್ಬೈಡ್ ಹಿಗ್ಗುವುದು ಉಕ್ಕಿನ ಅರ್ಧದಷ್ಟು ಮಾತ್ರ. ಥಟ್ಟನೆ ತಣಿಸಿದರೆ ಒಂದು ಹೆಚ್ಚು ಕುಗ್ಗಿ, ಇನ್ನೊಂದು ಕಡಮೆ ಕುಗ್ಗಿ, ನಡುವೆ ಬಿರುಕು ಮೂಡುತ್ತದೆ. ಆಗಾಗ್ಗೆ ಹೊರತೆಗೆದು ಪುಡಿಯನ್ನು ಚೆಲ್ಲಿ, ಗಾಳಿಯಲ್ಲಿ ಆರಲು ಬಿಡುವುದು ಲೇಸು.

ಆ ಬಿಳಿಯ ಪುಡಿಯ ವಿಷಯದಲ್ಲಿ ಅಲಕ್ಷ್ಯ ಸಲ್ಲದು. ಬೆಣಚಿನ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ನೆಲೆಯೂರಿ ಸಿಲಿಕೋಸಿಸ್ ರೋಗವನ್ನು ತರುತ್ತದೆ. ಒಮ್ಮೆ ಕೆಟ್ಟ ಶ್ವಾಸಕೋಶ ಮತ್ತೆ ಮೊದಲಿನಂತಾಗದು. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿ ಬಂಡೆ ಕೊರೆದ ಅನೇಕ ಕಾರ್ಮಿಕರು ಈ ರೋಗಕ್ಕೆ ತುತ್ತಾದರು. ಮನೆಯಲ್ಲಿ ನಾಲ್ಕು ತೂತು ಕೊರೆಯುವವರಿಗೆ ಅಷ್ಟು ಭಯವಿಲ್ಲ. ದಿನವೆಲ್ಲ ಅದೇ ಕೆಲಸದಲ್ಲಿರುವ, ಮೂಗಿಗೆ ಕರವಸ್ತ್ರವನ್ನಷ್ಟೇ ಕಟ್ಟಿಕೊಂಡ ಕೂಲಿಕಾರನಿಗೆ ಉಂಟು. ಬಟ್ಟೆಯ ಎಳೆಗಳ ನಡುವೆ ಆ ಕಣಗಳು ಸಲೀಸಾಗಿ ನುಸುಳುತ್ತವೆ. ಅವನಿಗೆ ಸೂಕ್ಷ್ಮಕಣಗಳನ್ನು ತಡೆಯುವ ಮುಖವಾಡವನ್ನೂ ಕಣ್ಣಿಗೆ ಕನ್ನಡಕವನ್ನೂ ಕೊಡಿಸುವುದು ಕೆಲಸ ಮಾಡಿಸುವವರ ಹೊಣೆ. ತೂತಿನಲ್ಲಿ ಉಳಿದ ಪುಡಿಯನ್ನು ಬಾಯಿಂದ ಊದದೆ, ರಬ್ಬರಿನ ಬುರುಡೆಯಿಂದಲೋ ವ್ಯಾಕ್ಯೂಮ್ ಯಂತ್ರದಿಂದಲೋ ತೆಗೆದು, ಆಮೇಲೆ ತಿರುಪನ್ನು ಕೂರಿಸಬೇಕು.