ಗಡಿ ದಾಟಿದ ನೀರು

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯ ಬೇಸಾಯಗಾರನಿಗೆ ನೀರಿನ ಪಾಲೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಾಲೆಯ ಮೇಲ್ಗಡೆಯವನು ಹೆಚ್ಚು ನೀರು ಹಾಯಿಸಿಕೊಂಡರೆ ಕೆಳಗಡೆಯವನ ಗದ್ದೆ ಒಣಗುತ್ತದೆ. ಊರೊಳಗಿನ ಜಗಳವಾದರೆ ನೀರುಗಂಟಿಯೋ ಹಿರಿಯರೋ ಬಗೆಹರಿಸುತ್ತಾರೆ. ರಾಜ್ಯಗಳ ನಡುವಣ ವ್ಯಾಜ್ಯಕ್ಕೆ ನ್ಯಾಯಮಂಡಳಿಯೂ ಸರ್ವೋಚ್ಚ ನ್ಯಾಯಾಲಯವೂ ಉಂಟು. ಕಾವೇರಿಯ ವ್ಯಾಜ್ಯ 1990ರಲ್ಲಿ ನ್ಯಾಯಮಂಡಳಿಗೆ ಹೋಗಿ, 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಕಂಡಿತು. ಆದರೆ ನದಿಯು ದೇಶದ ಗಡಿಯನ್ನೇ ದಾಟಿದರೆ? ಹೇಗ್ ನಗರದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಇದೆ, ನಿಜ. ಉಭಯ ರಾಷ್ಟ್ರಗಳ ಒಪ್ಪಿಗೆಯಿಲ್ಲದೆ ಅದು ಯಾವ ವ್ಯಾಜ್ಯವನ್ನೂ ವಿಚಾರಿಸಲಾರದು. ತೀರ್ಪನ್ನು ಜಾರಿಗೆ ತರಲು ಅದಕ್ಕೆ ಪೊಲೀಸರೂ ಇಲ್ಲ. ಹೀಗಿರುವಾಗ ಸರ್ಕಾರದ ವಿದೇಶಾಂಗ ವ್ಯವಹಾರದಲ್ಲಿ ಅಂತರರಾಷ್ಟ್ರೀಯ ಕಾನೂನಿನಿಂದ ಆಗುವ ಕೆಲಸವಾದರೂ ಏನು? ಗಂಗಾನದಿಯ ಸಂಗತಿಯಿಂದ ಇದನ್ನು ತಿಳಿಯಬಹುದು.

ಕಲ್ಕತ್ತೆಯ ಬಂದರಿನಲ್ಲಿ ತುಂಬುತ್ತಿದ್ದ ಹೂಳನ್ನು ತೊಳೆಯಲೆಂದು, ಗಂಗೆಯ ನೀರನ್ನು ಹೂಗ್ಲಿಯತ್ತ ತಿರುಗಿಸುವ ಫರಕ್ಕಾ ಅಣೆಕಟ್ಟು 1975ರಲ್ಲಿ ಕೆಲಸ ಆರಂಭಿಸಿತು. ಗಡಿಯ ಕೆಳಗಿದ್ದ ಬಾಂಗ್ಲಾದೇಶವು ಬೇಸಗೆಯಲ್ಲಿ ತನಗೆ ನೀರು ಸಾಲದೆಂದು 1976ರಲ್ಲಿ ವಿಶ್ವಸಂಸ್ಥೆಗೆ ದೂರು ಒಯ್ದಿತು. ಮರುವರ್ಷ ಐದು ವರ್ಷಗಳ ಒಪ್ಪಂದವೊಂದು ಏರ್ಪಟ್ಟಿತು. ಅನಂತರದ ತಾತ್ಕಾಲಿಕ ಏರ್ಪಾಡುಗಳೂ 1988ಕ್ಕೆ ಮುಗಿದವು. ಮುಂದಿನ ಎಂಟು ವರ್ಷ ಹಂಚಿಕೆಗೆ ಬರಹವೆಂಬುದೇ ಇರಲಿಲ್ಲ. ಬರಹವಿಲ್ಲದ ಕಡೆ ಮೇಲಿನವನ ಮನಸ್ಸೇ ಕಾನೂನು. ನಾಲೆಯ ಕೊನೆಯ ರೈತನು ಇದನ್ನು ಚೆನ್ನಾಗಿ ಬಲ್ಲನು.

1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ 30 ವರ್ಷಗಳ ಅವಧಿಯ ಹೊಸ ಒಪ್ಪಂದಕ್ಕೆ ಸಹಿಯಾಯಿತು. ಭಾರತದ ಪರವಾಗಿ ಸಹಿ ಮಾಡಿದವರು ಹಾಸನ ಜಿಲ್ಲೆಯ ಹರದನಹಳ್ಳಿಯ ರೈತ ಕುಟುಂಬದಲ್ಲಿ ಹುಟ್ಟಿದ ಅಂದಿನ ಪ್ರಧಾನಿ ಎಚ್. ಡಿ. ದೇವೇಗೌಡರು, ಬಾಂಗ್ಲಾದೇಶದ ಪರವಾಗಿ ಅಲ್ಲಿನ ಅಂದಿನ ಪ್ರಧಾನಿ ಶೇಖ್ ಹಸೀನಾ. ಕಾವೇರಿಯ ಸೀಮೆಯವರೊಬ್ಬರ ಕೈಯಿಂದ ಗಂಗೆಯ ಪಾಲು ಬರಹಕ್ಕೆ ಇಳಿದದ್ದು ವಿಶೇಷವೇ ಸರಿ. ಜನವರಿ 1ರಿಂದ ಮೇ 31ರವರೆಗೆ ಹತ್ತು ಹತ್ತು ದಿನಗಳ ಲೆಕ್ಕ. ಫರಕ್ಕಾದಲ್ಲಿ ಹರಿವು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಮೆಯಾದರೆ ಸಮಪಾಲು. 75,000ಕ್ಕೆ ಮೀರಿದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾದೇಶಕ್ಕೆ. ಇವೆರಡರ ನಡುವೆ ಇದ್ದರೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. ಒಬ್ಬರ ಅಳತೆಯನ್ನು ಮತ್ತೊಬ್ಬರು ನಂಬುವುದು ಕಷ್ಟ. ಆದುದರಿಂದ ಹರಿವನ್ನು ಅಳೆಯುವಾಗ ಎರಡೂ ದೇಶದವರು ಇರತಕ್ಕದ್ದೆಂದು ಗೊತ್ತುಮಾಡಲಾಯಿತು.

ಒಪ್ಪಂದದಲ್ಲಿ ಸಮನ್ಯಾಯ, ಯಾರಿಗೂ ಹಾನಿಯಾಗದಿರುವಿಕೆ ಎಂಬ ಮಾತುಗಳಿವೆ. ಇವು ದೆಹಲಿಯಲ್ಲಿ ಹುಟ್ಟಿದವಲ್ಲ. ಹಲವು ದೇಶಗಳ ಕಾನೂನುತಜ್ಞರು 1966ರಲ್ಲಿ ಹೆಲ್ಸಿಂಕಿಯಲ್ಲಿ ರೂಪಿಸಿದ ನದಿ ನಿಯಮಗಳಲ್ಲಿಯೂ ನ್ಯಾಯವಾದ ಪಾಲಿನ ತತ್ತ್ವವಿತ್ತು. ಕಾವೇರಿ ವ್ಯಾಜ್ಯದಲ್ಲಿಯೂ ಆ ನಿಯಮಗಳ ಪರಿಶೀಲನೆ ನಡೆಯಿತು. ವಿದೇಶಾಂಗ ಸಚಿವಾಲಯದವರು ನೆರೆದೇಶದೊಡನೆ ಮಾತಿಗೆ ಕುಳಿತಾಗ ಎರಡು ಕಡೆಯವರಿಗೂ ಅರ್ಥವಾಗುವ ಭಾಷೆ ಇದೇ. ಚಿಕ್ಕ ದೇಶದ ರಾಯಭಾರಿಯೂ ಕಲಮನ್ನು ತೋರಿಸಿ, ತಲೆಯೆತ್ತಿ ಕೇಳಬಲ್ಲನು.

ಸಹಿಯ ಮಸಿ ಆರುವಷ್ಟರಲ್ಲಿಯೇ ಪರೀಕ್ಷೆ ಬಂದಿತು. 1997ರ ಬೇಸಗೆಯಲ್ಲಿ ಹರಿವು ಎಣಿಕೆಗಿಂತ ಬಹಳ ಕೆಳಗಿಳಿಯಿತು. ಢಾಕಾದಲ್ಲಿ ಅಸಮಾಧಾನ ಎದ್ದಿತು. ಹರಿವು 50,000 ಕ್ಯೂಸೆಕ್‌ಗಿಂತ ಕಡಮೆಯಾದರೆ ಎರಡೂ ಸರ್ಕಾರಗಳು ಒಡನೆಯೇ ಸಮಾಲೋಚಿಸತಕ್ಕದ್ದೆಂಬ ಕಲಮು ಒಪ್ಪಂದದಲ್ಲಿತ್ತು. ಕಾಗದದಿಂದ ನದಿಯಲ್ಲಿ ಒಂದು ಹನಿಯೂ ಹೆಚ್ಚಲಿಲ್ಲ. ಆದರೆ ಯಾರು, ಯಾವಾಗ, ಯಾವ ನ್ಯಾಯದ ಮೇಲೆ ಮಾತಿಗೆ ಕೂರಬೇಕೆಂಬುದು ಈ ಸಲ ಬರಹದಲ್ಲಿಯೇ ಇತ್ತು.