ಉಪ್ಪರಿಗೆ ಜಗಲಿಯ ಹೊರಮರಗಳು

ಹೆಬ್ರಿಯ ಕಡೆಯ ಕೆಲವು ಹಳೆಯ ಮನೆಗಳಲ್ಲಿ ಉಪ್ಪರಿಗೆಯ ಮುಂದೆ ಮರದ ಜಗಲಿಯೊಂದು ಹೊರಕ್ಕೆ ಚಾಚಿಕೊಂಡಿರುವುದನ್ನು ವಾಚಕರು ಬಲ್ಲರು. ಅದರ ನೆಲಹಲಗೆಗಳನ್ನು ಒರಸುತ್ತೇವೆ, ಕಟಾಂಜನವನ್ನು ಉಜ್ಜುತ್ತೇವೆ. ಅಂಗಳದಲ್ಲಿ ನಿಂತವರ ಕಣ್ಣಿಗೆ ಮೊದಲು ಬೀಳುವ ಹೊರತೊಲೆಯನ್ನೂ ಸಾಲಾಗಿ ತಲೆಚಾಚಿದ ಜಂತಿಗಳನ್ನೂ ಮಾತ್ರ ವಿಚಾರಿಸುವವರು ಕಡಮೆ. ಅವು ಬೂದುಬಣ್ಣಕ್ಕೆ ತಿರುಗಿ, ಹಾವಸೆ ಹಿಡಿದು, ಮನೆಯ ಮುಖವನ್ನೇ ಕೆಡಿಸಿಬಿಡುತ್ತವೆ.

ಇದಕ್ಕೆ ಕಾರಣ ನಮ್ಮ ಮಳೆ. ಘಟ್ಟದ ಮೇಲಣ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಘಟ್ಟದ ಬುಡದಲ್ಲಿರುವ ಹೆಬ್ರಿಗೂ ಅದರ ಪಾಲು ಸಲ್ಲದೆ ಇರುವುದಿಲ್ಲ. ಮರದ ನಾಳಗಳು ಅಡ್ಡಕೊಯ್ದ ತಲೆಯಲ್ಲಿ ಬಾಯ್ದೆರೆದಿರುವುದರಿಂದ, ಜಂತಿಯು ಪಕ್ಕಗಳಿಗಿಂತ ತಲೆಯಿಂದಲೇ ಹೆಚ್ಚು ನೀರನ್ನು ಕುಡಿಯುತ್ತದೆ. ಪೂರ್ವಿಕರು ಇದನ್ನರಿತೇ ಮಾಡಿನ ಇಳಿಜಾರನ್ನು ಗೋಡೆಯಿಂದ ಬಹುದೂರ ಚಾಚುತ್ತಿದ್ದರು. ೧೪೩೦ರಲ್ಲಿ ಕಟ್ಟತೊಡಗಿದ ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಇಳಿಮಾಡುಗಳನ್ನು ನೋಡಿದರೆ ಇದರ ಮರ್ಮ ತಿಳಿಯುವುದು. ಈಚೆಗೆ ಅಂದವೆಂದು ಮಾಡನ್ನು ಮೊಟಕುಗೊಳಿಸುವವರ ಬುದ್ಧಿ ನಮಗಂತೂ ಅರ್ಥವಾಗದು.

ಹೊರಮೈಯನ್ನು ಚೆಂದಗೊಳಿಸುವ ಮೊದಲು ಮರದ ಪರೀಕ್ಷೆಯಾಗಬೇಕು. ಮೊನೆಯಾದ ಚೂರಿಯಿಂದ ಜಂತಿಯ ತಲೆಯನ್ನೂ ಅದು ತೊಲೆಯ ಮೇಲೆ ಕುಳಿತ ಸಂದನ್ನೂ ಒತ್ತಿ ನೋಡತಕ್ಕದ್ದು. ಚೂರಿ ಸಲೀಸಾಗಿ ಒಳಹೊಕ್ಕರೆ, ಇಲ್ಲವೆ ಒರಲೆಯ ಮಣ್ಣು ಕಂಡರೆ, ಬಣ್ಣದ ಮಾತು ಬಿಟ್ಟು ಬಡಗಿಯನ್ನು ಕರೆಯಿಸಬೇಕು. ಹಬ್ಬದ ದಿನ ಹತ್ತು ಮಂದಿ ಒಟ್ಟಾಗಿ ನಿಲ್ಲುವ ಜಗಲಿಯದು. ಕೊಳೆತ ತೊಲೆಗೆ ಹೊಸ ಹಲಗೆ ಹೊದಿಸುವುದೆಂದರೆ ಅಪಾಯವನ್ನು ಕಣ್ಣಿಗೆ ಕಾಣದಂತೆ ಮಾಡಿದಂತೆಯೇ ಸರಿ.

ಮರ ಗಟ್ಟಿಯಾಗಿದ್ದರೆ ಜಂತಿಗಳ ತಲೆಗೆ ಅಡ್ಡಲಾಗಿ ಉದ್ದದ ಅಂಚುಹಲಗೆಯೊಂದನ್ನು ಕೂಡಿಸುವುದು ಉತ್ತಮ. ಹಲಸು, ಸಾಗುವಾನಿ ಯಾವುದಾದರೂ ಆದೀತು, ಚೆನ್ನಾಗಿ ಒಣಗಿರಬೇಕು. ಅದನ್ನು ತಲೆಗಳಿಗೆ ಅಂಟಿಸಿ ಹೊಡೆಯಬಾರದು. ನಡುವೆ ಸಣ್ಣ ಪಟ್ಟಿಗಳನ್ನಿಟ್ಟು ಅರ್ಧ ಅಂಗುಲದ ತೆರಪು ಬಿಟ್ಟರೆ ಒಳಹೊಕ್ಕ ನೀರು ಇಳಿದು ಗಾಳಿಯಾಡುತ್ತದೆ. ಹಲಗೆಯ ಮೇಲಂಚನ್ನು ಹೊರಕ್ಕೆ ಇಳಿಜಾರಾಗಿ ಕೆತ್ತಿ, ಕೆಳಮೈಯಲ್ಲಿ ಉದ್ದಕ್ಕೂ ಸಣ್ಣದೊಂದು ಗಾಡಿ ಕೊರೆಯಿಸಿದರೆ ಹನಿಗಳು ಹಿಂದಕ್ಕೆ ಹರಿಯದೆ ಅಲ್ಲಿಯೇ ಉದುರುವುವು. ಕಬ್ಬಿಣದ ಮೊಳೆ ತುಕ್ಕು ಹಿಡಿದು, ಮರದ ಚೊಗರಿನೊಡನೆ ಕೂಡಿ ಕಪ್ಪು ಕಲೆಯನ್ನುಂಟುಮಾಡುತ್ತದೆ. ಆದುದರಿಂದ ಹಿತ್ತಾಳೆಯ ತಿರುಪುಗಳೇ ಮೇಲು. ಹಲಗೆಯ ಕೆಳಂಚಿಗೆ ಬಳ್ಳಿಯ ಕೆತ್ತನೆ ಬೇಕೆನ್ನುವವರು ಅದನ್ನು ಆಳವಿಲ್ಲದಂತೆ ಮಾಡಿಸಲಿ; ಆಳವಾದ ಕೆತ್ತನೆಯಲ್ಲಿ ನೀರು ನಿಲ್ಲುತ್ತದೆ.

ಹಲಗೆ ಹೊದಿಸಲು ಮನಸ್ಸಿಲ್ಲದವರು ತಲೆಗಳನ್ನು ಹಾಗೆಯೇ ತೋರಿಸಬಹುದು. ಒಂದೇ ನೇರಕ್ಕೆ ಕೊಯ್ದು, ಅಂಚು ಮುರಿದು, ನಯಗೊಳಿಸಿದ ಜಂತಿಗಳ ಸಾಲಿಗೆ ತನ್ನದೇ ಆದ ಗಾಂಭೀರ್ಯವುಂಟು. ನಮ್ಮ ಒಲವು ಇದರ ಕಡೆಗೇ.

ಲೇಪನಕ್ಕೆ ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ ಹಿಂದಿನಿಂದಲೂ ಬಳಕೆಯಲ್ಲಿದೆ. ಅದು ಮರಕ್ಕೆ ಕಪ್ಪು ಕಾಂತಿಯನ್ನು ಕೊಟ್ಟು ಹುಳವನ್ನು ದೂರವಿಡುತ್ತದೆ. ಆದರೆ ಚರ್ಮಕ್ಕೆ ತಗಲಿದರೆ ಸುಟ್ಟಂತೆ ಗುಳ್ಳೆಯೇಳುವುದರಿಂದ ಕೈಗವಸು ಬೇಕು, ಮಕ್ಕಳನ್ನು ಹತ್ತಿರ ಬಿಡಕೂಡದು. ಮರದ ಸಹಜವರ್ಣವೇ ಬೇಕೆಂದರೆ ಕುದಿಸಿದ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಚೆನ್ನಾಗಿ ಆರಿದ ಮೇಲೆಯೇ ಎರಡನೆಯ ಕೈ ಹಚ್ಚಬೇಕು. ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಿರಿ. ಶಿವರಾತ್ರಿ ಕಳೆದೊಡನೆ ಕೈಹಚ್ಚಿ ಬಿಸುವಿನೊಳಗೆ ಮುಗಿಸುವುದು ಲೇಸು. ಅನಂತರ ಸಂಜೆಯ ಗುಡುಗುಮಳೆಗಳು ಆರಂಭವಾಗುವುವು.