ಮಕ್ಕಳ ಮನಸ್ಸು ಓದುವ ಕೆಲಸಕ್ಕೆ ಕನ್ನಡವೇ ಬಂಡವಾಳ
ರಜೆಯಲ್ಲಿ ಇಂಟರ್ನ್‌ಶಿಪ್ ಹುಡುಕುವವರೇ, ದುಡ್ಡು ಕೊಟ್ಟು ಸರ್ಟಿಫಿಕೇಟ್ ಕೊಳ್ಳಬೇಡಿ

ಹೊಸದುರ್ಗ: ಬೇಸಿಗೆ ರಜೆ ಬಂತೆಂದರೆ ಡಿಗ್ರಿ ಓದುವ ಮಕ್ಕಳ ಬಾಯಲ್ಲಿ ಈಗ ಒಂದೇ ಮಾತು, ಇಂಟರ್ನ್‌ಶಿಪ್. ಎಂಜಿನಿಯರಿಂಗ್‌ನವರು ಕಾರ್ಖಾನೆಗೆ ಹೋಗುತ್ತಾರೆ, ಬಿ.ಕಾಂ.ನವರು ಆಡಿಟರ್ ಆಫೀಸಿಗೆ. ಸರಿ. ಆದರೆ ಸೈಕಾಲಜಿ ತೆಗೆದುಕೊಂಡ ಮಗಳು, "ಚಿಕ್ಕ ಮಕ್ಕಳ ಮನಸ್ಸು ಹೇಗೆ ಬೆಳೆಯುತ್ತೆ ಅಂತ ರಿಸರ್ಚ್ ಮಾಡ್ತೀನಿ, ಅದಕ್ಕೆ ಫೀಜು ಕಟ್ಟಬೇಕು" ಅಂದರೆ ಗಲ್ಲಾದ ಮುಂದೆ ಕೂತ ಅಪ್ಪ ಏನು ಮಾಡಬೇಕು?

ಬೈದು ಕಳಿಸುವುದೂ ತಪ್ಪು, ಕೇಳದೆ ನೋಟು ಎಣಿಸಿ ಕೊಡುವುದೂ ತಪ್ಪು. ಕೆಲಸ ನಿಜವಾದದ್ದು, ಒಳ್ಳೆಯದು. ಅದರ ಹೆಸರಿನಲ್ಲಿ ನಡೆಯುವ ವ್ಯಾಪಾರ ಮಾತ್ರ ಬೇರೆ.

ಹುಚ್ಚಿನ ಡಾಕ್ಟರ್ ಅಲ್ಲ

ಸೈಕಾಲಜಿ ಅಂದರೆ ಹುಚ್ಚು ಬಿಡಿಸುವ ವಿದ್ಯೆ ಅನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಮಕ್ಕಳ ಬೆಳವಣಿಗೆಯ ಮನಶ್ಶಾಸ್ತ್ರಕ್ಕೂ ಅದಕ್ಕೂ ಸಂಬಂಧ ಕಡಿಮೆ. ಮಗು ಯಾವ ವಯಸ್ಸಿಗೆ ಮಾತು ಜೋಡಿಸುತ್ತದೆ, ಯಾವಾಗ ಎಣಿಸುತ್ತದೆ, ಆಸೆ ತಡೆದುಕೊಳ್ಳುವುದನ್ನು ಯಾವಾಗ ಕಲಿಯುತ್ತದೆ, ಯಾವ ಮಗು ಹಿಂದೆ ಬೀಳುತ್ತದೆ, ಯಾಕೆ? ಇದನ್ನು ನೋಡಿ, ಅಳೆದು, ಬರೆದಿಡುವ ವಿದ್ಯೆ ಇದು.

ಒಂದು ಉದಾಹರಣೆ ನೋಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ವಾಲ್ಟರ್ ಮಿಶೆಲ್ ಎಂಬುವರು 1960ರ ದಶಕದ ಕೊನೆಯಿಂದ ಒಂದು ಪರೀಕ್ಷೆ ನಡೆಸಿದರು. ನಾಲ್ಕು ವರ್ಷದ ಆಸುಪಾಸಿನ ಮಗುವಿನ ಮುಂದೆ ಒಂದು ಮಿಠಾಯಿ ಇಟ್ಟು, "ನಾನು ಬರೋವರೆಗೆ ತಿನ್ನದೆ ಇದ್ದರೆ ಎರಡು ಕೊಡ್ತೀನಿ" ಅಂತ ಹೇಳಿ ಹೊರಗೆ ಹೋಗುವುದು. ಕಾದ ಮಕ್ಕಳು ಮುಂದೆ ಓದಿನಲ್ಲೂ ಮುಂದೆ ಬಂದರು ಅಂತ ವರದಿಯಾಗಿ ಪ್ರಪಂಚವೆಲ್ಲ ಸುದ್ದಿಯಾಯಿತು. ಆದರೆ 2018ರಲ್ಲಿ ಬೇರೆ ಸಂಶೋಧಕರು 900ಕ್ಕೂ ಹೆಚ್ಚು ಮಕ್ಕಳ ಲೆಕ್ಕ ತೆಗೆದು ನೋಡಿದರು. ಮನೆಯ ಸ್ಥಿತಿಗತಿ, ತಾಯಿಯ ಓದು ಎಲ್ಲ ಲೆಕ್ಕಕ್ಕೆ ಹಿಡಿದಾಗ ಆ ಸಂಬಂಧ ಬಹುಪಾಲು ಕರಗಿಹೋಯಿತು. ನಾಳೆಯ ಊಟ ಗ್ಯಾರಂಟಿ ಇರುವ ಮಗು ಕಾಯುತ್ತದೆ, ಇಲ್ಲದ ಮಗು ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಉದ್ರಿ ಕೊಟ್ಟು ಗೊತ್ತಿರುವ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂದಮೇಲೆ ಸಾಹುಕಾರ ದೇಶದ ಮಕ್ಕಳ ಲೆಕ್ಕವನ್ನು ಮತ್ತೋಡು, ಶ್ರೀರಾಂಪುರದ ಮಕ್ಕಳಿಗೆ ಹಾಗೇ ಹಚ್ಚಲು ಆಗುತ್ತದೆಯೇ? ಇಲ್ಲಿನ ಮಕ್ಕಳನ್ನು ಇಲ್ಲಿಯೇ ನೋಡಬೇಕು.

ಧಾರವಾಡದಲ್ಲಿ ಆಗಿದ್ದು

ಈ ಮಾತು ನಮ್ಮವರಿಗೆ ಹೊಳೆದು ತೊಂಬತ್ತು ವರ್ಷವಾಯಿತು. ಫ್ರಾನ್ಸಿನ ಬಿನೆ ಎಂಬುವರು 1905ರಲ್ಲಿ ಮಕ್ಕಳ ಬುದ್ಧಿ ಅಳೆಯುವ ಪ್ರಶ್ನೆಗಳನ್ನು ಮಾಡಿದ್ದರು. ಅವನ್ನು ಇಂಗ್ಲಿಷಿನಲ್ಲಿ ಕೇಳಿದರೆ ನಮ್ಮ ಮಗು ಬಾಯಿ ಬಿಡುವುದು ಹೇಗೆ? ಧಾರವಾಡದ ವಿ.ವಿ. ಕಾಮತ್ ಅವರು ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದುವಂತೆ ತಿದ್ದಿ, 1934ರಲ್ಲಿ ವಿಲಾಯಿತಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ‘ಬಿನೆ-ಕಾಮತ್ ಪರೀಕ್ಷೆ’ ಎಂಬ ಹೆಸರಿನಲ್ಲಿ ಅದು ದಶಕಗಟ್ಟಲೆ ದೇಶದ ಆಸ್ಪತ್ರೆ, ಶಾಲೆಗಳಲ್ಲಿ ಬಳಕೆಯಾಯಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಗಿತ್ತು. ಕಟ್ಟಿದವರು ಡಾ. ಎಂ.ವಿ. ಗೋಪಾಲಸ್ವಾಮಿ, 1935ರಲ್ಲಿ ಮನೆಯಲ್ಲೇ ‘ಆಕಾಶವಾಣಿ’ ಶುರುಮಾಡಿದವರೂ ಅವರೇ.

ಇನ್ನೂ ಇತ್ತೀಚಿನದು ಬೇಕೆಂದರೆ, ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ 800ಕ್ಕೂ ಹೆಚ್ಚು ಗರ್ಭಿಣಿಯರ ಹೆಸರು ಬರೆದುಕೊಂಡು, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದರು. ಮಕ್ಕಳಿಗೆ 9-10 ವರ್ಷವಾದಾಗ ನೆನಪು, ಕಲಿಕೆ, ಮಾತಿನ ಪರೀಕ್ಷೆ ಮಾಡಿದರು. ಸೊಪ್ಪು, ಕಾಳಿನಲ್ಲಿರುವ ಫೋಲೇಟ್ ಅಂಶ ಬಸುರಿಯಲ್ಲಿ ಚೆನ್ನಾಗಿದ್ದ ತಾಯಂದಿರ ಮಕ್ಕಳು ಸ್ವಲ್ಪ ಹೆಚ್ಚು ಅಂಕ ಪಡೆದರು ಎಂದು 2010ರಲ್ಲಿ ವರದಿಯಾಯಿತು.

ಹುಡುಗಿ ಮಾಡುವುದೇನು?

ಇಂಥ ಕಡೆ ಡಿಗ್ರಿ ವಿದ್ಯಾರ್ಥಿಗೆ ದೊಡ್ಡ ಕುರ್ಚಿ ಸಿಗುವುದಿಲ್ಲ. ಮಗುವಿನ ಜೊತೆ ನೆಲದ ಮೇಲೆ ಕೂರಬೇಕು. ಚಿತ್ರ ತೋರಿಸಿ, ಹೊತ್ತು ನೋಡಿ, ಮಗು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು. "ಹೇಳು ಪುಟ್ಟಾ, ಕೆಂಪು ಅಲ್ವಾ?" ಅಂತ ಎತ್ತಿಕೊಟ್ಟರೆ ಅಂದಿನ ಪರೀಕ್ಷೆ ಕೆಟ್ಟಿತು. ವಿಡಿಯೋ ನೋಡಿ ಮಗು ಎಷ್ಟು ಸಲ ಅಮ್ಮನ ಕಡೆ ತಿರುಗಿತು ಎಂದು ಎಣಿಸಬೇಕು. ಇನ್ನೊಬ್ಬರು ಬೇರೆ ಕೂತು ಅದನ್ನೇ ಎಣಿಸುತ್ತಾರೆ, ಇಬ್ಬರ ಲೆಕ್ಕ ತಾಳೆಯಾಗಬೇಕು. ಬೇಸರದ ಕೆಲಸ. ಆದರೆ ಕಲಿಯುವುದು ಇಲ್ಲಿಯೇ.

ನಮ್ಮೂರಿನವರ ಬೆಲೆ ಗೊತ್ತಾಗುವುದೂ ಇಲ್ಲಿಯೇ. ಮಗು "ಕೆಂಪ್ಗೈತೆ" ಅಂದರೆ ಸರಿ ಉತ್ತರ ಅಂತ ಹೊಸದುರ್ಗದ ಹುಡುಗಿಗೆ ತಕ್ಷಣ ಗೊತ್ತು. ಪುಸ್ತಕದ ಕನ್ನಡ ಮಾತ್ರ ಬಲ್ಲವರು ತಬ್ಬಿಬ್ಬಾಗುತ್ತಾರೆ. ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಕೆಲವು ಮನೆಗಳಲ್ಲಿ ಉರ್ದು, ತೆಲುಗು. ಆ ಮಾತು ಬಲ್ಲ ವಿದ್ಯಾರ್ಥಿ ಇಂಗ್ಲಿಷ್ ಚೆನ್ನಾಗಿ ಆಡುವವರಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತಾನೆ. "ನನಗೆ ಇಂಗ್ಲಿಷ್ ಬರೋಲ್ಲ" ಅಂತ ಹಿಂಜರಿಯುವವರು ಅರ್ಜಿಯ ಮೊದಲ ಸಾಲಿನಲ್ಲೇ ತಮಗೆ ಬರುವ ಭಾಷೆಗಳನ್ನು ಬರೆಯಲಿ.

ದುಡ್ಡು ಯಾವ ಕಡೆಗೆ ಹರಿಯುತ್ತದೆ?

ಅಸಲಿ, ನಕಲಿ ಗುರುತಿಸಲು ಇದೊಂದು ಪ್ರಶ್ನೆ ಸಾಕು. ಅಮೆರಿಕದಲ್ಲಿ 1980ರ ದಶಕದಿಂದ ಸರಕಾರದ ವಿಜ್ಞಾನ ಪ್ರತಿಷ್ಠಾನ ಬೇಸಿಗೆಯಲ್ಲಿ ಡಿಗ್ರಿ ವಿದ್ಯಾರ್ಥಿಗಳಿಗೆ ಸಂಭಾವನೆ ಕೊಟ್ಟು ಸಂಶೋಧನೆಗೆ ಹಚ್ಚುತ್ತಿದೆ. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ನಡೆಸಿಕೊಂಡು ಬಂದಿರುವ ಬೇಸಿಗೆ ಫೆಲೋಶಿಪ್‌ನಲ್ಲೂ ಹುಡುಗರಿಗೇ ಹಣ ಕೊಡುವುದು ಪದ್ಧತಿ. ಅದು ಮುಖ್ಯವಾಗಿ ವಿಜ್ಞಾನ, ಎಂಜಿನಿಯರಿಂಗ್‌ನವರದ್ದು, ಬಿ.ಎ. ಸೈಕಾಲಜಿಯವರಿಗೆ ದಾರಿ ಕಿರಿದು. ಅವರು ಪ್ರೊಫೆಸರುಗಳಿಗೆ ನೇರವಾಗಿ ಪತ್ರ ಬರೆಯಬೇಕು. ಸಂಬಳ ಸಿಗದಿರಬಹುದು. ಆದರೆ ತಾವೇ ಕಟ್ಟುವ ಮಾತು ಯಾಕೆ?

ಮನೆಯಲ್ಲಿ ಕೂತು ಮೊಬೈಲಿನಲ್ಲಿ ನಾಲ್ಕು ಪಾಠ ನೋಡಿ ಫೀಜು ಕಟ್ಟಿದರೆ ‘ರಿಸರ್ಚ್ ಇಂಟರ್ನ್’ ಎಂಬ ಕಾಗದ ಬರುವುದುಂಟು. ಅದು ಪಾಠವಾದರೆ ಪಾಠ ಅನ್ನಲಿ. ಅಪ್ಪಂದಿರು ಕೇಳಬೇಕಾದ್ದು ಇಷ್ಟು. ಯಾವ ಪ್ರೊಫೆಸರ ಕೈಕೆಳಗೆ? ಅವರು ಕೆಲಸ ಮಾಡುವ ಸಂಸ್ಥೆ ಯಾವುದು? ನೀತಿ ಸಮಿತಿಯ ಒಪ್ಪಿಗೆ ಇದೆಯೇ? ಮಗು ಎಲ್ಲಿ, ಕೆಲಸ ಏನು? ಉತ್ತರ ಬರಲಿಲ್ಲವೋ, ಗಲ್ಲಾ ಮುಚ್ಚಿ.

ಮಗುವನ್ನು ಪರೀಕ್ಷೆಗೆ ಕೊಡುವ ಮನೆಯವರಿಗೂ ಹಕ್ಕಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನಿಯಮದಂತೆ ತಂದೆ ತಾಯಿಯ ಒಪ್ಪಿಗೆ ಬೇಕು. ಏಳು ತುಂಬಿದ ಮಗುವನ್ನೂ "ನಿನಗೆ ಇಷ್ಟಾನಾ?" ಅಂತ ಕೇಳಬೇಕು. ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಮಗುವಿನ ಫೋಟೋ ಯಾರ ಮೊಬೈಲಿಗೂ ಹೋಗಕೂಡದು.

ಅಂಗನವಾಡಿ ಬಾಗಿಲು ತೆರೆಯಲಿ

ಇಷ್ಟಕ್ಕೂ ಎಲ್ಲರೂ ಬೆಂಗಳೂರಿಗೆ ಬಸ್ಸು ಹತ್ತಬೇಕೇ? 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಶುರುವಾದ ಅಂಗನವಾಡಿ ಯೋಜನೆ ಇವತ್ತು ಹಳ್ಳಿಹಳ್ಳಿಯಲ್ಲಿದೆ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಬೆಳವಣಿಗೆ ತಡವಾದ ಮಕ್ಕಳನ್ನು ಬೇಗ ಗುರುತಿಸುವುದೂ ಸೇರಿದೆ. ತಿರುವನಂತಪುರದವರು ಎರಡು ವರ್ಷದೊಳಗಿನ ಮಕ್ಕಳಿಗೆಂದು 17 ಅಂಶಗಳ ಪಟ್ಟಿ ಮಾಡಿದ್ದಾರೆ. ಮಗುವಿನ ವಯಸ್ಸಿಗೆ ನೇರವಾಗಿ ಪೆನ್ಸಿಲ್ ಇಟ್ಟು, ಎಡಗಡೆ ಇರುವುದನ್ನು ಮಗು ಮಾಡದಿದ್ದರೆ ಡಾಕ್ಟರಿಗೆ ತೋರಿಸಬೇಕು. ತರಬೇತಿ ಕೊಟ್ಟರೆ ಇದನ್ನು ಡಿಗ್ರಿ ವಿದ್ಯಾರ್ಥಿ ಮಾಡಲಾರನೇ? ಊಟ, ತೂಕ, ರಿಜಿಸ್ಟರು ಎಂದು ಒದ್ದಾಡುವ ಕಾರ್ಯಕರ್ತೆಗೂ ಕೈಜೋಡಣೆಯಾಗುತ್ತದೆ.

ವಿಶ್ವವಿದ್ಯಾಲಯ ಧನಸಹಾಯ ಆಯೋಗ 2024ರಲ್ಲಿ ಡಿಗ್ರಿಯವರ ಇಂಟರ್ನ್‌ಶಿಪ್‌ಗೆ ಮಾರ್ಗಸೂಚಿ ಹೊರಡಿಸಿ 60ರಿಂದ 120 ಗಂಟೆಯ ಕೆಲಸದ ಮಾತಾಡಿದೆ. ಅದೇ ವರ್ಷ ರಾಜ್ಯ ಸರಕಾರ ನಾಲ್ಕು ವರ್ಷದ ಡಿಗ್ರಿ ಬಿಟ್ಟು ಮೂರು ವರ್ಷಕ್ಕೆ ಮರಳಿತು. ಕಾಗದ ಬದಲಾಗುತ್ತಲೇ ಇರುತ್ತದೆ. ತಾಲ್ಲೂಕಿನ ನಾಲ್ಕು ಹೋಬಳಿಗಳ ಅಂಗನವಾಡಿಗಳಲ್ಲಿ ಮಕ್ಕಳಿದ್ದಾರೆ, ಕಾಲೇಜಿನಲ್ಲಿ ಹುಡುಗ ಹುಡುಗಿಯರಿದ್ದಾರೆ. ನಡುವೆ ಬೇಕಾಗಿರುವುದು ಮಾರ್ಗದರ್ಶನ ಮಾಡುವ ಒಬ್ಬ ಅಧ್ಯಾಪಕರು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಒಂದು ಅನುಮತಿ ಪತ್ರ. ದಾವಣಗೆರೆ ವಿಶ್ವವಿದ್ಯಾಲಯ, ಕಾಲೇಜು, ಇಲಾಖೆ ಮೂರೂ ಒಂದು ಮೇಜಿನ ಸುತ್ತ ಕೂತರೆ ಆಗುವ ಕೆಲಸ. ಮುಂದಿನ ಬೇಸಿಗೆಯೊಳಗೆ ಕೂರುವರೇ?